ಇನ್ನೂರೆಂಬತ್ತೈದು

ಮೆರಿನ್ ಟ್ರೆಗೆನ್ನ ಬಂದಾಗ ಶಟರು ಅರ್ಧ ಇಳಿದಿತ್ತು.
ಗಣಿಯ ಧೂಳು ಇನ್ನೂ ಹುಬ್ಬಿನ ಮೇಲೆ.
ಹಗಲೆಲ್ಲ ಅದಿರಿನ ಲಾರಿ ಓಡಿಸುವವಳು
ಸಂಜೆ ಈ ಹಸಿರು ಕೂಪೆಯ ಬೆನ್ನಿಗೆ ನಿಂತು
ಕತ್ತು ಕೆರೆದುಕೊಂಡಳು:
"ಚಕ್ರ ಸಿಕ್ಕಿತು. ಹತ್ತೂವರೆ ಇಂಚು. ಟೈರು ಎಷ್ಟು?"

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸುಲಭ.
ಹಾಸಿಗೆಯನ್ನೇ ಅಗಲ ಮಾಡಿಸಿಕೊಂಡು ಬಂದವರಿಗೆ
ಏನು ಹೇಳುವುದು?

ನನ್ನ ಹುಡುಗ ಡಾರ್ಸಿ, ಕೆಲಸಕ್ಕೆ ಸೇರಿ ಏಳು ತಿಂಗಳು,
"ಮುನ್ನೂರೈದು!" ಎಂದ, ಕೇಳುವ ಮೊದಲೇ.
ಅವನ ವಯಸ್ಸಿಗೆ ಅಗಲವೇ ಧೈರ್ಯ.
ನಾನೂ ಒಮ್ಮೆ ಹಾಗೆಯೇ ಹಾಕಿಸಿದ್ದೆ.
ಜುಲೈ ತಿಂಗಳ ಮಳೆಯಲ್ಲಿ ಕಾರು
ಹೊಳೆಗೆ ಬಿಟ್ಟ ತಟ್ಟೆಯಂತೆ ತೇಲಿ ಹೋಗಿ
ಯಾರದೋ ಕುರಿಬೇಲಿಗೆ ಆತು ನಿಂತಿತು.
ಕುರಿಗಳು ಮೇಯುವುದು ಬಿಟ್ಟು ತಲೆ ಕೂಡ ಎತ್ತಲಿಲ್ಲ.

ಅಗಲ ಹೆಚ್ಚಿದರೆ ನೆಲ ಹೆಚ್ಚು ಸಿಗುತ್ತದೆ, ಎಲ್ಲರ ನಂಬಿಕೆ.
ಸಿಗುವುದು ಹೆಚ್ಚುಕಡಿಮೆ ಅಷ್ಟೇ ನೆಲ.
ಕಾರಿನ ತೂಕ, ಒಳಗಿನ ಗಾಳಿ, ಅವೆರಡರ ಲೆಕ್ಕ ಅದು.
ಉದ್ದಕ್ಕಿದ್ದ ಅಂಗೈ ಅಡ್ಡಕ್ಕೆ ತಿರುಗುತ್ತದೆ.
ಅಡ್ಡಂಗೈ ತಿರುವಿನಲ್ಲಿ ಗಟ್ಟಿ ಹಿಡಿಯುತ್ತದೆ,
ನಿಂತ ನೀರಿನಲ್ಲಿ ಬೇಗ ಬಿಡುತ್ತದೆ.
ನಾಲ್ಕು ಅಂಗೈ. ಒಂದೂವರೆ ಟನ್ನು.
ಈ ಲೆಕ್ಕದಲ್ಲಿ ನಾವು ಗುಡ್ಡ ಹತ್ತುವುದು.

"ಎಲ್ಲಿ ಓಡಿಸುತ್ತೀ?"
"ಕ್ವೀನ್ಸ್‌ಟೌನಿನಿಂದ ಮೇಲಕ್ಕೆ. ಭಾನುವಾರ ಬೆಳಿಗ್ಗೆ,
ಮರದ ದಿಮ್ಮಿ ಲಾರಿಗಳು ಏಳುವ ಮೊದಲು."

ಗೊತ್ತು ಆ ದಾರಿ. ಬೋಳು ಗುಡ್ಡ, ಹಳದಿ, ಗುಲಾಬಿ,
ತಾಮ್ರ ಕರಗಿಸಿದವರು ಸುಟ್ಟು ಬಿಟ್ಟ ಮಣ್ಣು.
ತೊಂಬತ್ತೊಂಬತ್ತು ತಿರುವು ಎನ್ನುತ್ತಾರೆ,
ಎಣಿಸಲು ಹೊರಟವರು ನಲವತ್ತರಲ್ಲಿ ಮರೆಯುತ್ತಾರೆ.
ಅಲ್ಲಿ ಒಣಗಿದ ಡಾಂಬರು ಎಂದರೆ
ಮಳೆ ನಿಂತು ಹತ್ತು ನಿಮಿಷ ಆಗಿದೆ ಎಂದರ್ಥ.

ಮುನ್ನೂರೈದು ಕೊಳ್ಳಬಹುದು. ಮೂವತ್ತರ ಗೋಡೆಯಾದರೆ
ಕಾರು ಕುಳ್ಳಾಗುತ್ತದೆ, ವೇಗದ ಮುಳ್ಳು ಸುಳ್ಳಾಡುತ್ತದೆ.
ಮೂವತ್ತೈದಾದರೆ ಮಡ್‌ಗಾರ್ಡಿನ ಅಂಚು
ಪ್ರತಿ ಗುಂಡಿಗೂ ರಬ್ಬರನ್ನು ಹೆರೆಯುತ್ತದೆ, ಕೊಬ್ಬರಿಯ ಹಾಗೆ.
ಇನ್ನೂರೈವತ್ತೈದಕ್ಕೆ ಇಳಿದರೆ ಬಟ್ಟೆ ಗಿಡ್ಡ:
ಗೋಡೆ ಹೊರಗೆ ಎಳೆದು, ರಿಮ್ಮಿನ ತುಟಿ ಬತ್ತಲೆ,
ಮೊದಲ ಕಲ್ಲಿಗೇ ಕಚ್ಚಿಸಿಕೊಳ್ಳುವುದು ಅದೇ.
ಮತ್ತೆ ಮುಂದಿನದೂ ಇದೆಯಲ್ಲ, ಅಲ್ಲಿ ಇನ್ನೂರನಲವತ್ತೈದು.
ಹಿಂದಿನದು ಬಿಡುವುದೇ ಇಲ್ಲ ಎಂದು ಹಟ ಹಿಡಿದರೆ
ಮುಂದಿನದು ತಿರುಗುವುದೇ ಇಲ್ಲ ಎನ್ನುತ್ತದೆ.
ಸಂಸಾರ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೆರಿನ್ ನಕ್ಕಳು. ಎರಡು ಬಿಟ್ಟವಳು.

ರ‍್ಯಾಕಿನಿಂದ ಇನ್ನೂರೆಂಬತ್ತೈದು ಇಳಿಸಿದೆವು.
ಮೊಮ್ಮಗಳ ಆಟದ ಜೇಡಿಮಣ್ಣು, ನೇರಳೆ ಬಣ್ಣದ್ದು,
ಗೋಲಿಯಷ್ಟು ಮಾಡಿ ಮಡ್‌ಗಾರ್ಡಿನ ಒಳಗೆ ಅಂಟಿಸಿದೆ.
ಡಾರ್ಸಿಯನ್ನೂ ಅವನ ತಮ್ಮನನ್ನೂ ಹಿಂದಿನ ಸೀಟಿಗೆ ತುರುಕಿ
ರೈಲು ಹಳಿ ದಾಟಿಸಿಕೊಂಡು ಬಾ ಎಂದು ಕಳಿಸಿದೆ.

ಬಂದರು. ಮಂಡಿಯೂರಿ, ಬೆರಳಿಟ್ಟು, ಮಣ್ಣು ಕಿತ್ತೆ.
ಚಪ್ಪಟೆಯಾಗಿತ್ತು, ಹರಿದಿರಲಿಲ್ಲ.
ಅಳೆದೆ: ನಾಲ್ಕು ಮಿಲಿಮೀಟರು.
"ಸಾಕಾ?" ಎಂದಳು.

ನಾಲ್ಕು ಮಿಲಿಮೀಟರು ಎಂದರೆ
ಅವಳ ಉಗುರು ಮತ್ತು ಬೆರಳಿನ ನಡುವೆ ಕೂತ
ಗಣಿಯ ಕಪ್ಪಿಗಿಂತ ಸ್ವಲ್ಪ ಹೆಚ್ಚು.
"ಒಬ್ಬಳೇ ಹೋಗುತ್ತೀಯಾದರೆ ಸಾಕು" ಎಂದೆ.

ಅವಳು ಉತ್ತರ ಕೊಡಲಿಲ್ಲ, ದುಡ್ಡು ಕೊಟ್ಟಳು.
ಡಾರ್ಸಿ ಮುಖ ಊದಿಸಿಕೊಂಡೇ ಗಾಳಿ ತುಂಬಿದ.

ಜೇಡಿಮಣ್ಣಿನ ಬಿಲ್ಲೆ ಈಗ ನನ್ನ ಗಲ್ಲಾದ ಮೇಲಿದೆ,
ಒಂದು ಕಡೆ ಟೈರಿನ ಗೆರೆ,
ಇನ್ನೊಂದು ಕಡೆ ನನ್ನ ಹೆಬ್ಬೆರಳು.
ಮೊಮ್ಮಗಳು ವಾಪಸು ಕೇಳುತ್ತಿದ್ದಾಳೆ.
ಭಾನುವಾರ ಕಳೆಯಲಿ, ಕೊಡುತ್ತೇನೆ.