ಬಿಟ್ಟುಹೋದ ದೀರ್ಘ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ, ಝೆರಾಕ್ಸಿನ ಪಕ್ಕ,
ಹತ್ತಡಿಗೆ ಎಂಟಡಿ ನನ್ನ ಅಂಗಡಿ.
ಮದುವೆ ಕಾಗದ, ಗೃಹಪ್ರವೇಶ, ಮನೆ ಬಾಡಿಗೆಗಿದೆ;
ಹೆಚ್ಚಿನ ದಿನ ಮಾತ್ರ
ಸತ್ತವರ ಮುಖಕ್ಕೆ ಬೆಳಕು ಏರಿಸುವುದೇ ಕೆಲಸ.

ಏಪ್ರಿಲ್ಲಿನ ಮಧ್ಯಾಹ್ನ ಯಲ್ಲೋಜಿರಾಯರು ಬಂದರು
ಬಸ್‌ಸ್ಟ್ಯಾಂಡಿನಿಂದ ನಡೆದೇ, ಕೊರಳೆಲ್ಲ ಬೆವರು.
‘ತಮ್ಮನ ಹೆಸರಲ್ಲಿ ದೀರ್ಘ ಬಿಟ್ಟುಹೋಗಿದೆ ತಾಯಿ.
ಕೃಷ್ಣೊಜಿ ಅಲ್ಲ. ಕೃಷ್ಣೋಜಿ.’
ಮುರುಗಲ ಪಾನಕ ಕೊಟ್ಟದ್ದು ನಾನೇ, ದೊಡ್ಡ ಲೋಟದಲ್ಲಿ,
ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು.
ಪರದೆಗೆ ಬೆರಳಿಟ್ಟು ‘ಇಲ್ಲಿ’ ಎಂದು ಬಾಗಿದಾಗ
ಮೊಣಕೈ ತಾಗಿ
ಲೋಟ ಮಗುಚಿತು, ಸಿಪಿಯುವಿನ ನೆತ್ತಿಯ ಜಾಲರಿಗೆ.

ಚಿಟ್ ಅಂತ ಒಂದು ಸದ್ದು.
ಹ್ರಸ್ವವಾಗಿಯೇ ಆರಿಹೋದ ಕೃಷ್ಣೊಜಿ.

ಗಿಲ್ಬರ್ಟ್ ಫೋನಿನಲ್ಲಿ:
‘ಪ್ಲಗ್ಗು ಕಿತ್ತಿರಾ? ಇನ್ನು ಸ್ವಿಚ್ಚಿನ ಕಡೆ ನೋಡಲೂ ಬೇಡಿ.
ನೀರು ಕೊಲ್ಲಲ್ಲ ಅಕ್ಕ. ಬರುತ್ತೇನೋ ಅಂತ
ಒಂದ್ಸಲ ಒತ್ತಿ ನೋಡೋ ಆಸೆ ಇದೆಯಲ್ಲ,
ಅದು ಕೊಲ್ಲೋದು.’
‘ಅಕ್ಕಿಯಲ್ಲಿ ಹೂತಿಡಲಾ?’
‘ಅಕ್ಕಿಯಲ್ಲಿ ಅನ್ನ ಮಾಡಿ.’

ಬಂದ, ಬಿಚ್ಚಿದ. ಹಸಿರು ಬೋರ್ಡಿನ ಮೇಲೆ
ಕೆಂಪು ಅಂಟು. ಕೆಪಾಸಿಟರಿನ ಸಂದಿಗೊಂದು
ಏಲಕ್ಕಿ ಸಿಪ್ಪೆ ಅಂಟಿಕೊಂಡಿತ್ತು.
ಹಾರ್ಡ್ ಡಿಸ್ಕಿಗೆ ಕೆಳಗಿನ ಮನೆ; ಅದಕ್ಕೆ ಸುದ್ದಿಯೇ ತಲುಪಿರಲಿಲ್ಲ.

ರಾಯರು ಹೋಗಲಿಲ್ಲ.
ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರು.
ಬಿಚ್ಚಿದ ಸ್ಕ್ರೂಗಳನ್ನು ಅಂಗೈಗೆ ಸುರಿಸಿಕೊಂಡು
ಕಣ್ಣುಮುಚ್ಚಿ, ಹೆಬ್ಬೆರಳಲ್ಲೇ ಬೇರೆ ಮಾಡಿದರು:
‘ಇವು ಒರಟು ಥ್ರೆಡ್ಡು, ಇವು ನಯ.
ಅದಲುಬದಲಾದರೆ ಎರಡೂ ಕೆಡುತ್ತವೆ.’

ಬ್ಯಾಟರಿಗೆ ಹಾಕುವ ನೀರು, ಒಂದು ಕ್ಯಾನು.
ನೀರಿಗೆ ಸತ್ತದ್ದನ್ನು ನೀರಲ್ಲೇ ತೊಳೆಯುವುದು
ನನಗೆ ಒಪ್ಪಲಿಲ್ಲ. ‘ಸಕ್ಕರೆ ಹೋಗಬೇಕಲ್ಲ ಮಾರಾಯ್ತಿ!’
ಆಮೇಲೆ ಸ್ಪಿರಿಟ್ಟು, ಮಗಳ ಹಳೇ ಹಲ್ಲುಬ್ರಷ್ಷು,
ರ್‍ಯಾಮಿನ ಚಿನ್ನದ ಹಲ್ಲುಗಳಿಗೆ
ಅವಳ ಕಂಪಾಸಿನ ರಬ್ಬರ್.
ಒಂದು ರೂಪಾಯಿಯಷ್ಟು ದುಂಡಗಿನ ಬ್ಯಾಟರಿ ಕಿತ್ತು
ತಟ್ಟೆಯಲ್ಲಿಟ್ಟೆವು, ದಕ್ಷಿಣೆಯ ಹಾಗೆ.

ಎರಡು ರಾತ್ರಿ ಟೇಬಲ್ ಫ್ಯಾನು.
ಭಾನುವಾರ ತಿಥಿ. ರಾಯರು ದಿನಾ ಬಂದರು,
ಸ್ಟೂಲಿನ ಮೇಲೆ ಕೂತರು, ಫ್ಯಾನಿಗೆ ಅಡ್ಡವಾಗದಂತೆ.
ಪಾನಕ ಕೊಟ್ಟರೆ ಹೊರಗೆ, ಚರಂಡಿಯ ಕಲ್ಲಿನ ಮೇಲೆ ನಿಂತು ಕುಡಿದರು.

ಮೂರನೇ ಬೆಳಿಗ್ಗೆ ಒತ್ತಿದೆ.
ಒಂದು ಬೀಪು.
ಫ್ಯಾನು ಗಂಟಲು ಸರಿಮಾಡಿಕೊಂಡಿತು.
ಕಪ್ಪು ಪರದೆ, ಬಿಳಿ ಅಕ್ಷರ: ಗಡಿಯಾರ ನಿಂತಿದೆ, ದಿನಾಂಕ ಕೊಡಿ.
ಜನವರಿ ಒಂದು, ಎರಡು ಸಾವಿರದ ಒಂಬತ್ತು.

ಖುಷಿಗೆ ಬಾಯಿ ತಪ್ಪಿ ಅಂದುಬಿಟ್ಟೆ:
‘ನೋಡಿ ರಾಯರೇ, ಇದರ ಲೆಕ್ಕದಲ್ಲಿ
ನಿಮ್ಮ ತಮ್ಮ ಇನ್ನೂ ಇದ್ದಾರೆ.’

ಆ ಅಂಕಿಗಳನ್ನು ಅವರು ಬಹಳ ಹೊತ್ತು ನೋಡಿದರು.
‘ಆ ವರ್ಷ ಅವನು ನನ್ನ ಹತ್ತಿರ ಮಾತು ಬಿಟ್ಟಿದ್ದ.
ಒಂದು ಲೇತ್ ಮಿಷನ್ನಿನ ಪಾಲಿಗೆ.
ನಾನು ಹತ್ತಿದ ಬಸ್ಸಿನಿಂದ ಇಳಿದುಬಿಡುತ್ತಿದ್ದ.
ಮುಂದಕ್ಕೆ ಹಾಕು ತಾಯಿ.
ಇನ್ನೂ ಮುಂದಕ್ಕೆ.’

ಬಾಣದ ಕೀಲಿ ಒತ್ತುತ್ತ ಹೋದೆ. ಹತ್ತು, ಹನ್ನೊಂದು, ಹನ್ನೆರಡು.
ಹದಿನಾಲ್ಕಕ್ಕೆ ‘ಹಾಂ’ ಅಂದರು. ನಿಲ್ಲಿಸಿದೆ.
‘ಏನಿಲ್ಲ. ಹೋಗು.’

ಫೈಲು ತೆರೆಯಿತು. ಅರ್ಧ ಬೆಳಕು ಏರಿಸಿಟ್ಟ ಮುಖ,
ಬಿಟ್ಟಲ್ಲೇ ಕಾಯುತ್ತಿತ್ತು.
ಎರಡು ರಾತ್ರಿ, ಆರು ಕೈ, ಒಂದು ಕ್ಯಾನು ನೀರು;
ದೀರ್ಘಕ್ಕೆ ಒಂದೇ ಕೀಲಿ.

ಮುಚ್ಚಳ ಹಾಕಿದಾಗ ಒಂದು ಸ್ಕ್ರೂ ಮಿಕ್ಕಿತು.
ರಾಯರು ಹೆಬ್ಬೆರಳಲ್ಲಿ ಉರುಳಿಸಿ ನೋಡಿ
‘ಇದು ಇದರದ್ದಲ್ಲ’ ಎಂದು ಅಂಗಿಯ ಜೇಬಿಗಿಟ್ಟುಕೊಂಡರು.
ಅದು ಎಲ್ಲಿಯದೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಮಧ್ಯಾಹ್ನ ಯಂತ್ರ ಕಾದರೆ
ಜಾಲರಿಯಿಂದ ತೆಳ್ಳಗೆ ಏಲಕ್ಕಿ ವಾಸನೆ.
ಫೋಟೊ ಹಿಡಿದು, ಹುಟ್ಟು ಸಾವಿನ ತಾರೀಕು ಬರೆದ ಚೀಟಿ ಹಿಡಿದು
ಬಂದವರು ಕಣ್ಣೊರೆಸಿಕೊಳ್ಳುತ್ತ ಮೂಗೆತ್ತುತ್ತಾರೆ:
‘ಇಲ್ಲೆಲ್ಲೋ ಪಾಯಸ ಮಾಡ್ತಿದಾರೆ.’