ಕುಂಟೆ ಹದ್ದು

ವಾರಕ್ಕೆ ಆರು ದಿನ ನಾನು ಹೇಳುವುದು ಒಂದೇ ಮಾತು:
ಅಲ್ಲಾಡಬೇಡಿ.
ಗದ್ದ ಸ್ವಲ್ಪ ಕೆಳಗೆ. ಕಿವಿ ಎರಡೂ ಕಾಣಲಿ.
ಉಸಿರು ಹಿಡಿಯಿರಿ, ಸಾಕು, ಬಿಡಿ.
ಕಡೂರು ಬಸ್‌ಸ್ಟ್ಯಾಂಡಿನ ಎದುರು, ಮೆಟ್ಟಿಲು ಹತ್ತಿದರೆ
ಹಸೀನಾ ಸ್ಟುಡಿಯೋ. ಹಸೀನಾ ನನ್ನ ಅಜ್ಜಿ,
ಅವಳದೊಂದು ಫೋಟೊ ಕೂಡ ಇಲ್ಲ.

ಏಳನೆಯ ದಿನ ಬಾಸೂರು ಕಾವಲು.
ಮೊಪೆಡ್ಡಿನ ಮುಂದೆ, ಕೂಸನ್ನು ಮಲಗಿಸಿದ ಹಾಗೆ,
ಹಳೇ ಸೀರೆಯಲ್ಲಿ ಸುತ್ತಿದ ಲೆನ್ಸು.
ಶಿವಮೊಗ್ಗದ ಡಾಕ್ಟರೊಬ್ಬರು ಕಣ್ಣಿಗೆ ಪೊರೆ ಬಂದಮೇಲೆ
ಅರ್ಧ ಬೆಲೆಗೆ ಬಿಟ್ಟುಕೊಟ್ಟದ್ದು.
ಇನ್ನೂ ಹನ್ನೊಂದು ಕಂತು ಬಾಕಿ.

ಡಿಸೆಂಬರಿನ ಆರೂವರೆ. ಕರಡದ ಹುಲ್ಲಿನ ಇಬ್ಬನಿಗೆ
ಚೂಡಿದಾರ ಮಂಡಿತನಕ ತೊಯ್ದು ತಣ್ಣಗೆ.
ಮೂಡ್ಲಗಿರಿಯಪ್ಪ, ಅರಣ್ಯ ಇಲಾಖೆಯ ದಿನಗೂಲಿ,
ಬೀಡಿಯ ತುದಿಯಿಂದಲೇ ದಿಕ್ಕು ತೋರಿಸುತ್ತಾನೆ:
ಅಗೋ, ಕುಂಟೆ ಹದ್ದು.

ಪುಸ್ತಕದಲ್ಲಿ ಬೇರೆ ಹೆಸರಿದೆ.
ಆದರೆ ಅದು ಹಾರುವುದೇ ಹಾಗೆ:
ಹುಲ್ಲಿನ ಮೇಲೆ ಮೊಳದೆತ್ತರ,
ಈ ಜಾಲಿಯಿಂದ ಆ ಜಾಲಿಗೆ, ತಿರುಗಿ
ಆ ಜಾಲಿಯಿಂದ ಈ ಜಾಲಿಗೆ,
ಒಂದು ಸಾಲೂ ತಪ್ಪಿಸದೆ, ಎತ್ತಿಲ್ಲದೆ ಹಗ್ಗವಿಲ್ಲದೆ
ಇಡೀ ಕಾವಲಿಗೆ ಕುಂಟೆ ಹೊಡೆಯುತ್ತದೆ.
ಬೂದಿಯ ಮೈ. ರೆಕ್ಕೆಯ ತುದಿ ಮಾತ್ರ
ಮಸಿಕುಡಿಕೆಯಲ್ಲಿ ಅದ್ದಿ ತೆಗೆದಂತೆ.

ಮೊದಲ ವರ್ಷ ಹಕ್ಕಿ ಇದ್ದಲ್ಲಿಗೆ ಗುರಿಯಿಟ್ಟೆ.
ಬಾಲ ಸಿಕ್ಕಿತು. ಮುನ್ನೂರು ಬಾಲ.
ಎರಡನೆಯ ವರ್ಷ ಕಲಿತೆ: ಸೊಂಟದಿಂದ ತಿರುಗಬೇಕು,
ಕಾಲು ಊರಿದಲ್ಲೇ ಊರಿ, ಮೊರ ಆಡಿಸುವವಳ ಹಾಗೆ;
ಎರಡು ಕಣ್ಣೂ ತೆರೆದಿರಬೇಕು;
ಹಕ್ಕಿ ಬರಲಿರುವ ಖಾಲಿಯೊಳಗೆ
ಹಕ್ಕಿಗಿಂತ ಕೂದಲೆಳೆ ಮುಂಚೆ ಹೋಗಿ ಕೂರಬೇಕು.
ಸೆಕೆಂಡನ್ನು ಎರಡೂವರೆ ಸಾವಿರ ಚೂರು ಮಾಡಿ
ಒಂದು ಚೂರು ಸಾಕು ಎಂದು ಕೈಚಾಚಬೇಕು.

ಆ ಭಾನುವಾರ ಎಲ್ಲ ಸರಿಯಿತ್ತು. ಬೆನ್ನಿಗೆ ಬಿಸಿಲು.
ಅದು ಸಾಲು ಹಿಡಿದು ನೇರ ನನ್ನತ್ತಲೇ ಬಂತು,
ಹತ್ತು ಮಾರು, ಐದು ಮಾರು,
ಗಕ್ಕನೆ ಗಾಳಿಯಲ್ಲಿ ನಿಂತು
ನನ್ನ ಮುಖ ನೋಡಿತು. ಹಳದಿ ಕಣ್ಣು.
ಸ್ಟುಡಿಯೋದಲ್ಲಿ ಯಾರೂ ಹಾಗೆ ನೋಡುವುದಿಲ್ಲ,
ಎಲ್ಲರೂ ನೋಡುವುದು ಲೆನ್ಸನ್ನು.
ಇದು ಅದರ ಹಿಂದಿದ್ದ ನನ್ನನ್ನು ನೋಡಿತು,
ತಿನ್ನಬಹುದೆ, ಬೇಡವೆ ಎಂದು.
ನನ್ನ ಬಾಯಿಂದ ತಾನಾಗಿ ಹೊರಬಿತ್ತು:
ಅಲ್ಲಾಡಬೇಡಿ.

ಚಿಮ್ಮಿ ನೆತ್ತಿಯ ಮೇಲೆ ಹಾದುಹೋಯಿತು.
ಹುಚ್ಚು ಹಿಡಿದವಳಂತೆ ಒತ್ತಿದೆ, ಒತ್ತಿದೆ.
"ಹದ್ದಿಗೆ ಬಹುವಚನ, ಶಮೀಮಕ್ಕ!"
ಮೂಡ್ಲಗಿರಿಯಪ್ಪ ಕೆಮ್ಮು ಬರುವವರೆಗೂ ನಕ್ಕ.

ಮನೆಯಲ್ಲಿ ತೆರೆದು ನೋಡಿದರೆ ನೂರಾ ನಲವತ್ತು ಚೌಕ
ಬರೀ ನೀಲಿ.
ಒಂದರಲ್ಲಿ ಮಾತ್ರ, ಬಲಮೂಲೆಗೆ,
ಕರಿ ಗರಿಯ ನಾಲ್ಕು ಬೆರಳು.

ಅಳಿಸಲು ಮನಸ್ಸಾಗಲಿಲ್ಲ.
ಸ್ಟುಡಿಯೋದ ನೀಲಿ ಪರದೆ ಇಲಿ ಕಡಿದು ತಿಂಗಳಾಗಿತ್ತು.
ಬಸ್ ಪಾಸಿನ ಹುಡುಗಿಯರ ಹಿಂದೆ,
ನರ್ಸಿಂಗ್ ಅರ್ಜಿಯವರ, ಬ್ರೋಕರ್ ಕಳಿಸಿದ ವರಗಳ ಹಿಂದೆ
ಕಂಪ್ಯೂಟರಿನಲ್ಲಿ ಆ ಆಕಾಶವನ್ನೇ ಅಂಟಿಸುತ್ತ ಬಂದೆ.
ಯಾರೂ ಕೇಳಲಿಲ್ಲ. ಡ್ರಾಯಿಂಗ್ ಮೇಷ್ಟ್ರೊಬ್ಬರು
ಈ ಸಲ ಬೆಳಕು ಚೆನ್ನಾಗಿದೆ ಅಂದರು, ಅಷ್ಟೆ.

ಮೊನ್ನೆ ಮೂಡ್ಲಗಿರಿಯಪ್ಪ ಬಂದ.
ಗುರುತಿನ ಚೀಟಿ ಹೊಸದಾಗಬೇಕಂತೆ.
ಕೂದಲಿಗೆ ನೀರು ಹಚ್ಚಿ, ಕತ್ತಿನ ಗುಂಡಿ ಹಾಕಿ
ಸ್ಟೂಲಿನ ಮೇಲೆ ಕಲ್ಲಾಗಿ ಕೂತ.
ಅವನಿಗೆಂದು ಆ ಒಂದು ಚೌಕ ಎತ್ತಿಟ್ಟಿದ್ದೆ.

ಫೋಟೊವನ್ನು ಹತ್ತಿರ ಹಿಡಿದ, ದೂರ ಹಿಡಿದ.
"ಕಿವಿ ಪಕ್ಕ ಇದೇನಕ್ಕ, ಕೊಳೆ?"
ಉಗುರಿನಿಂದ ಮೆಲ್ಲಗೆ ಕೆರೆದ.
ಕೆರೆಯುತ್ತ ಕೆರೆಯುತ್ತ
ಬೆರಳು ನಿಂತಿತು.