ಎಡಗಡೆ ಹಿಂದಿನ ಬಾಗಿಲು

ತಡಿ ಮಾಬೂಲಿ, ಇನ್ನ ಕೈ ಹಚ್ಚಬ್ಯಾಡ.
ಬಾನೆಟ್ಟಿನ ಮ್ಯಾಲ ಅಂಗೈ ಇಟ್ಟು ನೋಡು ಮೊದಲ,
ಜ್ವರ ಬಂದ ಕೂಸಿನ ಹಣಿ ಮುಟ್ಟಿದಂಗ.
ಸುಡತೈತಿಲ್ಲೊ?
ಮುಳಗುಂದ ನಾಕಾದಿಂದ ಬಿಸಲಾಗ ಬಂದ ಗಾಡಿ,
ಬೇವಿನ ನೆರಳಿಗೆ ದಬ್ಬು. ಆರಲಿ.
ಅಲ್ಲೀಮಟ ಚಾ ಕುಡಿಯೂಣು.

ಹೊಂಬಳದ ವಕೀಲರ ಎಸ್ಟೀಮು, ಮರೂನ್ ಬಣ್ಣದ್ದು.
ದಸರಾಕ್ಕೊಮ್ಮೆ, ಯುಗಾದಿಗೊಮ್ಮೆ
ಮೇಣ ಹಚ್ಚಿದ್ದ ಹಚ್ಚಿದ್ದು ಆರು ವರ್ಷ,
ಒಮ್ಮೆನೂ ತಗದಿಲ್ಲ.
ಮೇಣದ ಮ್ಯಾಲ ಮೇಣ, ನಡುವ
ಕಪ್ಪತಗುಡ್ಡದ ಗಾಳಿ ತಂದ ಧೂಳಾ,
ಕಡ್ಲಿ ರಾಶಿಯ ಹೊಟ್ಟು,
ಒಂದು ಗುಂಗಾಡಿನ ರೆಕ್ಕಿ.
ಹಳೇ ಚಸ್ಮಾದ ಗಾಜಿನಂಗ ಹಳದಿ ತಿರುಗೈತಿ.
ಅದ ಬಣ್ಣ ಅಂತ ತಿಳಕೊಂಡಾರ ಅವರು.

ಥಿನ್ನರ್ ಯಾಕ ತಂದಿ? ಇಡು ಒಳಗ.
ಮೇಣ ತಿಂದು ಸುಮ್ಮ ಕುಂದರೂ ಜಾತಿ ಅಲ್ಲ ಅದು,
ಬಣ್ಣಾನೂ ತಿಂದು, ಪ್ರೈಮರ್ ತಿಂದು
ತಗಡು ನೆಕ್ಕಿ ತೇಗತೈತಿ.
ಸೋಪಿನ ನೀರು ತಾ, ಎರಡು ಬಕೆಟ್ಟು:
ಒಂದು ತೊಳಿಯಾಕ, ಒಂದು ಅರಿವಿ ಜಾಲಸಾಕ.
ಮಣ್ಣಿನ ಹಳ್ಳೊಂದು ಅರಿವ್ಯಾಗ ಉಳದರ
ನೀ ಒರಸೂದಲ್ಲ, ಗೀಚೂದು.

ಆಮ್ಯಾಲ ಆ ನೀಲಿ ಡಬ್ಬಿ, ಮೇಣ ಬಿಡಸೂ ಎಣ್ಣಿ.
ಯಾರಿಗೂ ಕಾಣದಲ್ಲಿ ಮೊದಲ ಪರೀಕ್ಷಾ ಮಾಡು,
ಬಾಗಿಲಾ ತಗದರ ಕಾಣೂ ಒಳಅಂಚಿನಾಗ, ಬೊಟ್ಟಿನಷ್ಟು.
ಅರಿವಿಗೆ ಮೇಣ ಬರಬೇಕು, ಮರೂನ್ ಬರಬಾರದು.
ನಾಕು ಮಡಿಕಿ ಹಾಕು ಅರಿವಿಗೆ,
ಹಚ್ಚಿದ ಮಡಿಕೀಲೆ ಒರಸಬ್ಯಾಡ.
ನೆಲಕ್ಕ ಬಿತ್ತೋ, ಆ ಅರಿವಿ ಸತ್ತಂಗ.
ಝಾಡಿಸಿ ತಿರಗಿ ಹಚ್ಚಿದರ
ನಾ ಬಯ್ಯೂದಿಲ್ಲ ನಿನಗ,
ಬಣ್ಣ ಬಯ್ತೈತಿ, ಹತ್ತು ವರ್ಷ.
ಕೈ ಸುತ್ತಬ್ಯಾಡೋ, ರೊಟ್ಟಿ ಬಡಿಯಾಕ ಕುಂತಿಲ್ಲ ನೀ.
ಉದ್ದಕ್ಕ ಹೋಗು, ಉದ್ದಕ್ಕ ಬಾ.

ಈಗ ಒಂದು ಚಂಬು ನೀರು ಸುರುವು.
ಗುಂಡು ಗುಂಡು ಹನಿಯಾಗಿ ಓಡಿತು ಅಂದರ
ಮೇಣ ಇನ್ನೂ ಕುಂತೈತಿ.
ಹಚ್ಚಡ ಹಾಸಿದಂಗ ಹಾಸಿ, ಸಾವಕಾಶ ಇಳದರ
ಬಣ್ಣ ಬರೀ ಮೈಲೆ ನಿಂತೈತಿ ಅಂತ.
ಇನ್ನ ಮೆಲ್ಲಕ ಮುಟ್ಟು.

ಆತು ಅಂದೆಲ್ಲ ನಾಕೂ ಬಾಗಿಲಾ,
ಎಡಗಡಿ ಹಿಂದಿಂದು ನೋಡಿದೇನು?
ಟ್ಯೂಬ್‌ಲೈಟ್ ತಾ. ಕುಂತು ನೋಡು, ಓರಿಯಾಗಿ.
ಒಂದು ಎಳಿ ಕಪ್ಪು, ಉಳದ ಮೂರಕಿಂತ.
ಹಳೇದು ಎಲ್ಲಿ ಮುಗೀತು, ಹೊಸಾದು ಎಲ್ಲಿ ಸುರು ಆತು
ಬಟ್ಟಿಟ್ಟು ತೋರಸು ನೋಡೂಣು.
ಆಗೂದಿಲ್ಲ.
ಸಂಜಿ ಯಾವಾಗ ರಾತ್ರಿ ಆತು ಅಂತ ಯಾರು ಹೇಳ್ಯಾರ?

ಇಂಥಾ ಹೊಂದಿಕಿ ಈ ಊರಾಗ ಒಬ್ಬನ ಕೈಯಾಗ ಇತ್ತು.
ಬೆಟಗೇರಿ ದಾವಲಸಾಬ.
ಗನ್ ಹಿಡದಾಗ ಉಸರ ಬಿಡತಿದ್ದಿಲ್ಲ,
ಬಿಟ್ಟಾಗ ಕೆಮ್ಮತಿದ್ದ.
ಸಹಿ ಬರತಿದ್ದಿಲ್ಲ ಉಸ್ತಾದಗ.
ಕೆಲಸ ಮುಗದ ಮ್ಯಾಲ, ಹಸಿ ಬಣ್ಣದಾಗ,
ಯಾರಿಗೂ ಕಾಣದಲ್ಲಿ, ಅಂಚಿನಾಗ…

ಅರಿವಿ ತಗಿ. ತಗಿ ಅಂದೆ!
ನೀ ಪರೀಕ್ಷಾ ಮಾಡಿದ ಜಾಗಾನ ಅದು.
ಹೆಬ್ಬಟ್ಟು.
ಗೆರಿ ಗೆರಿ ಹಂಗ ಐತಿ ನೋಡು, ನಡುವ ಕೊಯ್ದ ಗಾಯಾನೂ.
ಇಷ್ಟು ದಿನ ಮೇಣ ತುಂಬಿ ನುಣ್ಣಗಾಗಿತ್ತು.

ಸಂಜಿಗೆ ವಕೀಲರು ಬರತಾರ.
ಒಂದ ಪೆಟ್ಟೂ ತಿಂದಿಲ್ಲ ಅಂತ ಹೇಳಿ
ಮಾರಿದ್ದನಂತ ಲಕ್ಷ್ಮೇಶ್ವರದವ.
ಹೊಸ ಮೇಣ ಹಚ್ಚೂಕಿಂತ ಮೊದಲ ಹೇಳಬೇಕು,
ಮಿಂಚಾಕ ಹತ್ತಿದ ಮ್ಯಾಲ ಯಾರೂ ನಂಬೂದಿಲ್ಲ.
ಸಿಟ್ಟಿಗೇಳತಾರ. ಏಳಲಿ.
ರೊಕ್ಕ ಕಡಿಮಿ ಕೊಟ್ಟರೂ ಕೊಡಲಿ.
ಹೆಬ್ಬಟ್ಟಿನ ಸುದ್ದಿ ಮಾತ್ರ ತಗೀಬ್ಯಾಡ ನೀ.

ಆ ಅಂಚು ನನಗ ಬಿಡು.
ನೀಲಿ ಡಬ್ಬಿ ಮುಚ್ಚಳ ಹಾಕು, ಘಾಟು ಏಳಾಕತ್ತೈತಿ.
ಮತ್ತ ನಿನ್ನ ಮಾಸ್ಕ್ ಎಲ್ಲಿ?
ಕೊಳ್ಳಾಗ ಜೋತಬಿಡಾಕ ಕೊಡಿಸೇನೇನು ಅದನ್ನ?
ಏರಸು ಮೂಗಿಗೆ.